ಅರ್ಧ ಭರತಕ್ಕೆ ಮೊದಲು: ಗೋಕರ್ಣದ ಕಡಲ ದಡದಲ್ಲಿ ಒಂಬತ್ತನೇ ತರಗತಿಯ ಗಣಿತ

ಅಘನಾಶಿನಿ ಹೊಳೆ ಸಮುದ್ರ ಸೇರುವ ಬಾಯಿಯ ಹತ್ತಿರ, ದಕ್ಷಿಣ ದಡದ ಒಂದು ಪ್ರೌಢಶಾಲೆಯಲ್ಲಿ ನಡೆದದ್ದು ಇದು. 2025ರ ಜನವರಿ. ಒಂಬತ್ತನೇ ತರಗತಿ, 28 ಮಕ್ಕಳು. ಕೆಲವರ ಮನೆಯಲ್ಲಿ ದೋಣಿ ಇದೆ. ಕೆಲವರ ಅಮ್ಮಂದಿರು ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಬಳಚು, ಅಂದರೆ ಚಿಪ್ಪುಮೀನು, ಆರಿಸುತ್ತಾರೆ. ಇನ್ನು ಕೆಲವರದ್ದು ಗಜನಿ ಗದ್ದೆ, ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಜಾಗ. ಗಣಿತದ ಅಕ್ಕೋರು, ಅಂದರೆ ಟೀಚರು, ಮಾತ್ರ ಘಟ್ಟದ ಮೇಲಿನವರು, ಶಿರಸಿ ಕಡೆಯವರು. ಅವರಿಗೆ ಈಜು ಬಾರದು. ನಾನು ಬೇರೊಂದು ಶಾಲೆಯ ಗಣಿತ ಮಾಸ್ತರ. ಅಕ್ಕೋರು ಕರೆದರು ಅಂತ ನೋಟ್‌ಬುಕ್ ಹಿಡಿದು ಜೊತೆಗೆ ಹೋದವನು.

ಅಕ್ಕೋರಿಗೆ ಎರಡು ತಲೆನೋವು ಇದ್ದವು. ಮೊದಲನೆಯದು, ಕಿಟಕಿಯಾಚೆ ಹೊಳೆ ಹರಿಯುತ್ತಿದ್ದರೂ ಮಕ್ಕಳು ಪುಸ್ತಕದ ಹೊಳೆಯ ಅಗಲವನ್ನೇ ಕಂಡುಹಿಡಿಯುತ್ತಾರೆ. ಉತ್ತರ 40 ಮೀಟರ್ ಬಂದರೂ ಸರಿ, 4,000 ಮೀಟರ್ ಬಂದರೂ ಸರಿ, ಅಡಿಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಎರಡನೆಯದು, ತರಗತಿಯ ನಾಯಕ ಐದನೇ ಇಯತ್ತೆಯಿಂದಲೂ ಒಬ್ಬನೇ. ಕಬಡ್ಡಿ ಚೆನ್ನಾಗಿ ಆಡುವ, ದೊಡ್ಡ ದನಿಯ, ಒಳ್ಳೆಯ ಹುಡುಗ. ಅವನಿಗೆ ಆಜ್ಞೆ ಕೊಡುವುದು ಬರುತ್ತದೆ. ಉಳಿದ 27 ಜನರಿಗೆ ಅವನ ಹಿಂದೆ ಹೋಗುವುದು ಬರುತ್ತದೆ.

ಎರಡಕ್ಕೂ ಒಂದೇ ಮದ್ದು ಹುಡುಕಬೇಕು ಅಂತ ಅಕ್ಕೋರಿಗೆ ಅನ್ನಿಸಿತು. ಶಾಲೆಯ ಪಿ.ಇ. ಮಾಸ್ತರರು ಸ್ಕೌಟ್ ಕೂಡ ನೋಡಿಕೊಳ್ಳುತ್ತಾರೆ. ಇಬ್ಬರೂ ಕೂತು ಯೋಜನೆ ಹಾಕಿದರು.

ಸಾಹಸದ ಮೂಲಕ ಮಕ್ಕಳನ್ನು ಗಟ್ಟಿ ಮಾಡುವ ಯೋಚನೆ ಹಳೆಯದೇ. ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರನ್ನು ನಾಲ್ಕು ದಳ ಮಾಡಿ, ದಳಕ್ಕೊಬ್ಬ ನಾಯಕನನ್ನಿಟ್ಟು ಶಿಬಿರ ನಡೆಸಿದರು. ಶಿಕ್ಷಣತಜ್ಞ ಕುರ್ಟ್ ಹಾನ್ 1941ರಲ್ಲಿ ವೇಲ್ಸ್‌ನ ಅಬರ್‌ಡವಿ ಎಂಬ ಕಡಲೂರಿನಲ್ಲಿ ಔಟ್‌ವರ್ಡ್ ಬೌಂಡ್ ಎಂಬ ಸಾಹಸ ಶಾಲೆ ಶುರು ಮಾಡಿದರು. ಅದು ಯುದ್ಧದ ಕಾಲ. ಹಡಗು ಮುಳುಗಿದರೂ ಎಳೆ ನಾವಿಕರು ಬದುಕಿ ಬರಲಿ ಅನ್ನೋದು ಅದರ ಹಿಂದಿನ ಆಸೆ. ಈಗ ನಮ್ಮಲ್ಲಿ ನಡೆಯುವ ಸಾಹಸ ಶಿಬಿರಗಳಲ್ಲಿ ಹೆಚ್ಚಿನವು ಬೇರೆ ಥರ. ಹೊರಗಿನವರು ಬಂದು ಹಗ್ಗ ಕಟ್ಟುತ್ತಾರೆ, ಮಕ್ಕಳು ಜಾರುತ್ತಾರೆ, ಕಿರುಚುತ್ತಾರೆ, ಫೋಟೊ, ಸರ್ಟಿಫಿಕೇಟ್, ಮುಗೀತು. ಮಜಾ ಇರುತ್ತದೆ, ಇಲ್ಲ ಅನ್ನೋದಿಲ್ಲ. ಆದರೆ ಯಾವ ನಿರ್ಧಾರವೂ ಮಕ್ಕಳದ್ದಾಗಿರುವುದಿಲ್ಲ. ಹಗ್ಗ ಎಷ್ಟು ಭಾರ ತಾಳುತ್ತದೆ ಅಂತ ಕೇಳುವ ಅಗತ್ಯವೂ ಯಾರಿಗೂ ಬೀಳುವುದಿಲ್ಲ.

ಅಕ್ಕೋರು ಇಟ್ಟುಕೊಂಡ ನಿಯಮ ಒಂದೇ. ಲೆಕ್ಕ ತಪ್ಪಿದರೆ ದಿನ ಬೇರೆ ರೀತಿ ಸಾಗಬೇಕು. ಹಾಗಿಲ್ಲದ ಲೆಕ್ಕವನ್ನು ಹೊರಗೆ ಕರೆದುಕೊಂಡು ಹೋಗಿ ಮಾಡಿಸಬೇಕಾಗಿಲ್ಲ, ತರಗತಿಯೇ ಸಾಕು.

ಪಾಲಕರ ಸಭೆ

ಮೊದಲು ಯೋಚಿಸಿದ್ದು ಯಾಣ. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎತ್ತರ ಅಳೆಯಲು ಹೇಳಿ ಮಾಡಿಸಿದ ಜಾಗ. ಆದರೆ ಡಿಸೆಂಬರ್ ದಾಟಿದ ಮೇಲೆ ಕಾಡಿನಲ್ಲಿ ಉಣುಗಿನ ಕಾಟ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಸುದ್ದಿ ಸಿದ್ದಾಪುರ ಕಡೆಯಿಂದ ಎಲ್ಲರ ಕಿವಿಗೂ ಬಿದ್ದಿತ್ತು. ಕಾಡು ಬೇಡ ಅಂತಾಯ್ತು. ತ್ರಿಕೋನಮಿತಿ ಬರುವುದು ಹೇಗೂ ಹತ್ತನೇ ತರಗತಿಗೆ.

ಸಮುದ್ರದ ದಡ ಅಂದಾಗ ಇನ್ನೂ ದೊಡ್ಡ ಗಲಾಟೆ. ಹಿಂದಿನ ತಿಂಗಳು, 2024ರ ಡಿಸೆಂಬರ್‌ನಲ್ಲಿ, ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾಗಿದ್ದರು. ಶಾಲೆ, ಪ್ರವಾಸ, ಸಮುದ್ರ ಅನ್ನೋ ಮೂರು ಮಾತು ಒಟ್ಟಿಗೆ ಬಂದರೆ ಸಾಕು, ಜನ ಬೆಚ್ಚುತ್ತಿದ್ದರು. ಪಾಲಕರ ಸಭೆಯಲ್ಲಿ ದೋಣಿ ಇಟ್ಟುಕೊಂಡ ಒಬ್ಬರು ಎದ್ದು ನಿಂತು, "ನಮ್ಗೆ ಸಮುದ್ರ ಗೊತ್ತು, ಅದ್ಕೇ ಹೆದರ್ತೇವೆ" ಅಂದರು. ಬಳಚು ಆರಿಸುವ ಒಬ್ಬ ತಾಯಿ ಅದಕ್ಕೆ ಉಲ್ಟಾ: "ನನ್ ಮಗ್ಳು ರಜಾ ದಿನ ಎಲ್ಲಾ ಹೊಳೇಲೇ ಇರ್ತಾಳೆ. ಅವ್ಳಿಗೆ ನೀರು ಹೊಸ್ದಾ? ಶಾಲೆಯವ್ರು ಹೇಳ್ಕೊಡೋದಾದ್ರೆ ಹೇಳ್ಕೊಡ್ಲಿ."

ಕೊನೆಗೆ ಒಪ್ಪಿಗೆ ಸಿಕ್ಕಿತು, ಷರತ್ತಿನ ಮೇಲೆ. ಹಿಮ್ಮಡಿಗಿಂತ ಮೇಲೆ ಯಾರೂ ನೀರಿಗೆ ಇಳಿಯಬಾರದು. ಈ ದಂಡೆಯನ್ನು ಬಲ್ಲ ಇಬ್ಬರು ಮೀನುಗಾರರು ಜೊತೆಗಿರಬೇಕು. ಭರತದ, ಅಂದರೆ ಸಮುದ್ರದ ಉಬ್ಬರದ, ಹೊತ್ತು ನೋಡಿಕೊಂಡೇ ಹೊರಡಬೇಕು. ಮೂರನೆಯ ಷರತ್ತೇ ಮುಂದೆ ಇಡೀ ಪಾಠವಾಯಿತು.

ಕೊಡಪಾನ ಮತ್ತು ಹಗ್ಗ

ತಯಾರಿ ಶಾಲೆಯ ಬಯಲಿನಲ್ಲಿ. ಒಂದು ನೈಲಾನ್ ಹಗ್ಗ, ನೀರು ತುಂಬಿದ ಕೊಡಪಾನ, ಮೀನು ತೂಗುವ ಎರಡು ಸ್ಪ್ರಿಂಗ್ ಕಾಟಾ. ಕೊಡ, ನೀರು ಸೇರಿ 16 ಕೆ.ಜಿ. ಹಗ್ಗದ ನಡುವಿಗೆ ಕೊಡ ಕಟ್ಟಿ, ಎರಡು ತುದಿಗೆ ಕಾಟಾ ಸಿಕ್ಕಿಸಿ, ಎರಡು ಬದಿಯಿಂದ ಹುಡುಗರು ಹಿಡಿದರು. ಪಕ್ಕಪಕ್ಕ ನಿಂತು ಎತ್ತಿದಾಗ ಎರಡೂ ಕಾಟಾ 8 ತೋರಿಸಿದವು. ಇದು ಎಲ್ಲರೂ ಊಹಿಸಿದ್ದೇ.

"ಈಗ ದೂರ ಹೋಗ್ತಾ ಹೋಗಿ. ಹಗ್ಗ ನೆಟ್ಟಗಾಗ್ಬೇಕು," ಅಂದರು ಅಕ್ಕೋರು.

ಕೊಡದಿಂದ ಕಾಟಾದವರೆಗೆ ಒಂದೊಂದು ಬದಿಗೆ ಎರಡು ಮೀಟರ್ ಹಗ್ಗ. ಕೊಡ ಒಂದು ಮೀಟರ್ ಜೋತುಬಿದ್ದಾಗ ಎರಡೂ ಕಾಟಾ 16ರ ಹತ್ತಿರ ಬಂದವು. ಇಬ್ಬರು ಹಂಚಿಕೊಂಡು ಹೊತ್ತರೂ ಒಬ್ಬೊಬ್ಬನ ಮೇಲೂ ಪೂರ್ತಿ ಕೊಡದ ಭಾರ! ಅರ್ಧ ಮೀಟರಿಗೆ ಏರಿಸಿದಾಗ 32. ಕಬಡ್ಡಿ ಹುಡುಗನಿಗೆ ಛಲ ಬಂತು. ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಹಿಮ್ಮಡಿ ಊರಿ ಎಳೆದ. ಕಾಟಾದ ಮುಳ್ಳು 50ರ ತುದಿಗೆ ಹೋಗಿ ನಿಂತಿತು. ಹಗ್ಗ ಮಾತ್ರ ಇನ್ನೂ ಡೊಂಕೇ.

ಕರಿಹಲಗೆಯ ಮೇಲೆ ಅಕ್ಕೋರು ಬರೆಸಿದ್ದು ಇಷ್ಟು: ಜೋತು ಅರ್ಧವಾದರೆ ಎಳೆತ ಎರಡರಷ್ಟು. ಕೊಡದ ತೂಕವನ್ನು ಒಂದು ಬದಿ ಹಗ್ಗದ ಉದ್ದದಿಂದ ಗುಣಿಸಿ, ಜೋತಿನ ಎರಡರಷ್ಟರಿಂದ ಭಾಗಿಸಬೇಕು. ಜೋತು 20 ಸೆಂಟಿಮೀಟರ್ ಆದರೆ 80 ಕೆ.ಜಿ. ಐದು ಸೆಂಟಿಮೀಟರ್ ಆದರೆ 320. ಒಬ್ಬ ಹುಡುಗಿ ಕೇಳಿದಳು, "ಪೂರ್ತಿ ನೆಟ್ಟಗಾದ್ರೆ?" ಜೋತು ಸೊನ್ನೆ. ಭಾಗಿಸಿ ನೋಡಿ ಅಂದರು ಅಕ್ಕೋರು. ಸೊನ್ನೆಯಿಂದ ಭಾಗಿಸಬಾರದು ಅಂತ ಏಳನೇ ಇಯತ್ತೆಯಿಂದ ಬಾಯಿಪಾಠ ಮಾಡಿದ್ದ ಮಕ್ಕಳು, ಯಾಕೆ ಬಾರದು ಅನ್ನೋದನ್ನ ಅಂಗೈ ಉರಿಯುತ್ತಿರುವಾಗ ನೋಡಿದರು. ಹಳ್ಳಕ್ಕೆ ಅಡ್ಡ ಹಗ್ಗ ಕಟ್ಟುವಾಗ ಬಿಗಿಯಾಗಿ ಎಳೆದು ಕಟ್ಟಬಾರದು ಅನ್ನೋದರ ಕಾರಣವೂ ಇದೇ ಅಂತ ಪಿ.ಇ. ಮಾಸ್ತರರು ಸೇರಿಸಿದರು.

ಇನ್ನೊಂದು ದಿನ ಗಜನಿಯ ಒಡ್ಡಿನ ಮೇಲೆ ಹಳ್ಳದ ಅಗಲ ಅಳೆದರು. ಒಂಬತ್ತನೆಯ ತರಗತಿಯ ಸರ್ವಸಮ ತ್ರಿಭುಜ ಸಾಕು ಇದಕ್ಕೆ. ಎದುರು ದಡದ ಒಂದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಕ್ಕೆ ನೇರವಾಗಿ ನೀರಿನ ಅಂಚಿನಲ್ಲಿ ನಿಲ್ಲಬೇಕು. ದಡದ ಗುಂಟ 20 ಹೆಜ್ಜೆ ನಡೆದು ಒಂದು ಕೋಲು ನೆಡಬೇಕು. ಇನ್ನೂ 20 ಹೆಜ್ಜೆ ಹೋಗಿ, ಹೊಳೆಗೆ ಬೆನ್ನು ಹಾಕಿ ನೇರ ನಡೆಯಬೇಕು. ಕೋಲು ಮತ್ತು ಕಾಂಡ್ಲಾ ಗಿಡ ಒಂದೇ ಸಾಲಿಗೆ ಬಂದ ಕಡೆ ನಿಂತರೆ, ಬೆನ್ನು ಹಾಕಿ ನಡೆದ ದೂರವೇ ಹಳ್ಳದ ಅಗಲ. ಕೋ.ಬಾ.ಕೋ. (ಕೋನ-ಬಾಹು-ಕೋನ) ನಿಯಮ. ಬೆಳಿಗ್ಗೆ ಅಳೆದ ದಳಕ್ಕೆ 23 ಮೀಟರ್ ಬಂತು, ಮಧ್ಯಾಹ್ನ ಅಳೆದ ದಳಕ್ಕೆ 27. ಜಗಳ ಶುರು. ನಿಮ್ಮ ಹೆಜ್ಜೆ ದೊಡ್ಡದು, ನಿಮ್ಮ ಕೋಲು ವಾಲಿತ್ತು ಅಂತ ಒಬ್ಬರ ಮೇಲೊಬ್ಬರು. ದೋಣಿ ಮನೆಯ ಒಬ್ಬ ಹುಡುಗ ಸುಮ್ನೆ ಕೇಳ್ತಾ ಇದ್ದವನು, "ಇಬ್ರದ್ದೂ ಸರಿನೇ ಇರ್ಬೋದಲ್ವಾ? ಬೆಳಿಗ್ಗೆ ಇಳಿತ ಇತ್ತು, ನೀರಿನ ಅಂಚು ಆಚೆ ಇತ್ತು," ಅಂದ.

ಎರಡು ಬೇರೆ ಉತ್ತರ, ಎರಡೂ ಸರಿ. ಇದು ಗಣಿತದ ತರಗತಿಯಲ್ಲಿ ಎಷ್ಟು ಸಲ ಆಗುತ್ತದೆ ಹೇಳಿ.

ಅಜ್ಜನ ಮುಕ್ಕಾಲು ಗಂಟೆ

ಆ ಹುಡುಗನ ಅಜ್ಜನಿಗೆ ಭರತದ ಹೊತ್ತು ಹೇಳಲು ಗಡಿಯಾರವೂ ಬೇಡ, ಮೊಬೈಲೂ ಬೇಡ. ಅಮಾವಾಸ್ಯೆ, ಹುಣ್ಣಿಮೆಗೆ ಇಲ್ಲಿ ಭರತ ಹನ್ನೊಂದರ ಸುಮಾರಿಗೆ. ಆಮೇಲೆ ತಿಥಿಗೆ ಮುಕ್ಕಾಲು ಗಂಟೆ ಸೇರಿಸ್ತಾ ಹೋಗಬೇಕು. ಹುಡುಗ ಇದನ್ನು ತರಗತಿಯಲ್ಲಿ ಹೇಳಿದ. ನಡಿಗೆ ಇಟ್ಟುಕೊಂಡಿದ್ದು ಒಂದು ಶನಿವಾರ, ತಿಥಿ ಪಂಚಮಿ. ಐದು ಮುಕ್ಕಾಲು ಅಂದರೆ ಮೂರೂ ಮುಕ್ಕಾಲು ಗಂಟೆ. ಭರತ ಮಧ್ಯಾಹ್ನ 2:45ಕ್ಕೆ. ಅಕ್ಕೋರು ತಂದಿದ್ದ ಭರತ-ಇಳಿತದ ಪಟ್ಟಿಯಲ್ಲಿ ಮೂರು ಗಂಟೆಯ ಸುಮಾರು.

ಹದಿನೈದು ನಿಮಿಷ ಎಲ್ಲಿ ಹೋಯಿತು? ಇದನ್ನು ಹುಡುಕಿದ್ದು ಮಕ್ಕಳೇ. ಅಮಾವಾಸ್ಯೆಗೂ ಹನ್ನೊಂದು, ಹುಣ್ಣಿಮೆಗೂ ಹನ್ನೊಂದು ಅಂದರೆ 15 ತಿಥಿಯಲ್ಲಿ ಭರತ ಸರಿಯಾಗಿ 12 ಗಂಟೆ ಸರಿಯಬೇಕು. 720 ನಿಮಿಷವನ್ನು 15ರಿಂದ ಭಾಗಿಸಿದರೆ 48. ಅಜ್ಜ ಹಿಡಿದದ್ದು 45. ತಿಥಿಗೆ ಮೂರು ನಿಮಿಷ ಕಮ್ಮಿ, ಪಂಚಮಿಗೆ 15 ನಿಮಿಷ. ಚತುರ್ದಶಿಯ ಹೊತ್ತಿಗೆ 42 ನಿಮಿಷ. ಹಾಗಾದರೆ ಅಜ್ಜನ ಲೆಕ್ಕ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಮುಕ್ಕಾಲು ಬಾಯಿಲೆಕ್ಕಕ್ಕೆ ಸುಲಭ, ಪ್ರತಿ ಪಕ್ಷಕ್ಕೊಮ್ಮೆ ಹನ್ನೊಂದರಿಂದ ಹೊಸದಾಗಿ ಎಣಿಸುವುದರಿಂದ ತಪ್ಪು ಬೆಳೆಯುತ್ತಾ ಹೋಗುವುದೂ ಇಲ್ಲ. ಸಾಲದ್ದಕ್ಕೆ ಈ ಸರಾಸರಿ ಲೆಕ್ಕದಲ್ಲಿ ತಪ್ಪು ಒಂದೇ ಕಡೆಗೆ: ಭರತ ಅಜ್ಜ ಹೇಳಿದ್ದಕ್ಕಿಂತ ತಡವಾಗಿ ಬರುತ್ತದೆ. ದಂಡೆಯಲ್ಲಿ ನಡೆಯುವವನಿಗೆ ಅದು ಒಳ್ಳೆಯದೇ.

ನೀರು ಎಷ್ಟೆಷ್ಟು ಏರುತ್ತದೆ ಅನ್ನೋದಕ್ಕೆ ನಾವಿಕರ ಹನ್ನೆರಡರ ನಿಯಮವನ್ನು ಅಕ್ಕೋರು ಹೇಳಿಕೊಟ್ಟರು. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಗಂಟೆಗೆ ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲು ನೀರು ಏರುತ್ತದೆ. ಆ ದಿನ ಇಳಿತ ಬೆಳಿಗ್ಗೆ ಒಂಬತ್ತಕ್ಕೆ, ಏರಿಕೆ ಸುಮಾರು 1.2 ಮೀಟರ್. ಪಾಲಿಗೆ ಹತ್ತು ಸೆಂಟಿಮೀಟರ್. ಹತ್ತು ಗಂಟೆಗೆ 10, ಹನ್ನೊಂದಕ್ಕೆ 30, ಹನ್ನೆರಡಕ್ಕೆ 60, ಒಂದಕ್ಕೆ 90. ನಕ್ಷೆ ಬಿಡಿಸಿದಾಗ ಗೆರೆ ನೇರವಾಗಿ ಬರಲಿಲ್ಲ, ನಡುವೆ ಕಡಿದಾಗಿ ಏರಿತು. "ಮೊದ್ಲು ಸುಮ್ನಿದ್ದು ಆಮೇಲೆ ಓಡಿ ಬರ್ತದೆ" ಅಂತ ಒಬ್ಬಳು ಹೇಳಿದ್ದು ಸರಿಯಾದ ವರ್ಣನೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳೂ ಒಂದೇ ಎತ್ತರ ಇರುವುದಿಲ್ಲ, ಗಾಳಿ, ಅಲೆ ಬೇರೆ. ಹಾಗಾಗಿ ಇದು ಅಂದಾಜು ಅಷ್ಟೇ ಅಂತಲೂ ಹೇಳಿದರು.

ಚೀಟಿ ಎತ್ತಿ ಕೆಲಸ

ಏಳು ಜನರ ನಾಲ್ಕು ದಳ. ಕೆಲಸಗಳನ್ನು ಚೀಟಿ ಎತ್ತಿ ಹಂಚಿದರು: ಇಡೀ ಗುಂಪಿನ ನಾಯಕ, ಮುಂದೆ ನಡೆಯುವವರು, ಕಡೆಯಲ್ಲಿ ನಡೆಯುವವರು, ಗಂಟೆ ನೋಡುವವರು, ಲೆಕ್ಕದವರು, ನೀರು ಮತ್ತು ಔಷಧಿಯವರು. ನಾಯಕತ್ವದ ಚೀಟಿ ಬಳಚು ಆರಿಸುವ ಮನೆಯ ಹುಡುಗಿಗೆ ಬಂತು, ಮಾತು ಕಮ್ಮಿ. ಲೆಕ್ಕದ್ದು ಪರೀಕ್ಷೆಯಲ್ಲಿ ನಡುಮಟ್ಟದ ಒಬ್ಬ ಹುಡುಗನಿಗೆ. ಕಬಡ್ಡಿ ಹುಡುಗನಿಗೆ ಕಡೆಯಲ್ಲಿ ನಡೆಯುವ ಕೆಲಸ. ಅವನ ಮುಖ ನೋಡಬೇಕಿತ್ತು.

ದೊಡ್ಡವರ ಒಪ್ಪಂದ ಹೀಗಿತ್ತು: ಅಪಾಯ ಕಂಡರೆ ಯಾವ ಕ್ಷಣದಲ್ಲೂ ನಾವು ನಿಲ್ಲಿಸುತ್ತೇವೆ. ಉಳಿದಂತೆ ಬಾಯಿ ಹಾಕುವುದಿಲ್ಲ. ಹೇಳುವುದು ಸುಲಭ. ಮಾಸ್ತರಿಕೆ ಮಾಡಿದವರಿಗೆ ಬಾಯಿ ಮುಚ್ಚಿಕೊಂಡು ಮೂರು ಗಂಟೆ ನಡೆಯುವುದು ಎಂಥ ಕಷ್ಟ ಅಂತ ಮಾಸ್ತರರಿಗೇ ಗೊತ್ತು.

ದಾರಿ: ದೋಣಿಯಲ್ಲಿ ತದಡಿಗೆ ದಾಟಿ, ಟೆಂಪೋದಲ್ಲಿ ಗೋಕರ್ಣ. ಅಲ್ಲಿಂದ ಕಾಲ್ನಡಿಗೆಯಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಸಾಧ್ಯವಾದರೆ ಪ್ಯಾರಡೈಸ್ ಬೀಚ್. ಹಾಫ್ ಮೂನ್ ಮತ್ತು ಪ್ಯಾರಡೈಸ್ ನಡುವೆ ಬಂಡೆಗಳ ಮೇಲೆ ಹಾಯುವ ಜಾಗವಿದೆ. "ಅರ್ಧ ಭರತ ಆದ್ಮೇಲೆ ಮಕ್ಳನ್ನ ಅಲ್ಲಿ ದಾಟಿಸ್ಬೇಡಿ" ಅಂತ ಜೊತೆಗಿದ್ದ ಮೀನುಗಾರರು ಮೊದಲೇ ಹೇಳಿದ್ದರು. ಅರ್ಧ ಭರತ ಅಂದರೆ ಪಟ್ಟಿಯ ಪ್ರಕಾರ 60 ಸೆಂಟಿಮೀಟರ್, ಮಧ್ಯಾಹ್ನ 12.

ಎಷ್ಟು ವೇಗ ಹಿಡಿಯಬೇಕು ಅನ್ನೋದಕ್ಕೆ ಮಕ್ಕಳು ಮರಳಿನಲ್ಲಿ ನೂರು ಮೀಟರ್ ನಡೆದು ಹೊತ್ತು ಬರೆದುಕೊಂಡಿದ್ದರು. ಮೊದಲು ಸರಾಸರಿ ತೆಗೆದರು. ಆಮೇಲೆ ನಾಯಕಿಯೇ ಕೇಳಿದಳು, ಸರಾಸರಿ ವೇಗದಲ್ಲಿ ನಡೆದರೆ ನಿಧಾನ ನಡೆಯುವವರು ಹಿಂದೆ ಉಳಿಯುತ್ತಾರಲ್ಲ? ಗುಂಪಿನ ವೇಗ ಅಂದರೆ ಅತಿ ನಿಧಾನದವರ ವೇಗ. ಆ ಸಂಖ್ಯೆಯನ್ನೇ ಹಿಡಿದು ಹೊತ್ತು ಗೊತ್ತುಮಾಡಿದರು. ಗೋಕರ್ಣ ಬಿಡುವುದು 7:30. ತಿಂಡಿ, ಅಳತೆ ಎಲ್ಲ ಸೇರಿ 150 ನಿಮಿಷ, ಹಾಫ್ ಮೂನ್ 10 ಗಂಟೆಗೆ. ಅಲ್ಲಿಂದ ಪ್ಯಾರಡೈಸಿಗೆ 40 ನಿಮಿಷ, ಬಂಡೆ ಸರಿಯಾಗಿ ಅರ್ಧ ದಾರಿಯಲ್ಲಿ. ಎಷ್ಟೇ ತಡವಾದರೂ 10:30ಕ್ಕೆ ಹಾಫ್ ಮೂನ್ ಬಿಟ್ಟರೆ, ಹೋಗಲು 40, ಕೂರಲು 10, ವಾಪಸ್ ಬಂಡೆಯವರೆಗೆ 20. ಬಂಡೆ ದಾಟುವುದು 11:40ಕ್ಕೆ, 20 ನಿಮಿಷ ಕೈಯಲ್ಲಿ. 10:30 ಮೀರಿದರೆ ಪ್ಯಾರಡೈಸ್ ಇಲ್ಲ. ಇದನ್ನು ಎಲ್ಲರೂ ಒಪ್ಪಿ ಬರೆದಿದ್ದರು.

ಓಂ ಬೀಚಿನ ಆಕಾರವನ್ನು ಹೆಜ್ಜೆ ಮತ್ತು ದಿಕ್ಸೂಚಿಯಿಂದ ಗ್ರಾಫ್ ಹಾಳೆಗೆ ಇಳಿಸುವ ಕೆಲಸವೂ ಇತ್ತು. ಅದು ಅಷ್ಟೇನೂ ಕೂಡಿಬರಲಿಲ್ಲ. ಇಬ್ಬರು ಅಳೆದರು, ಉಳಿದವರು ಏಡಿ ಹಿಡಿದರು.

10:40

ಹಾಫ್ ಮೂನ್ ತಲುಪಿದಾಗ ಗಂಟೆ 10:40. ಒಬ್ಬಳ ಚಪ್ಪಲಿ ಉಂಗುಷ್ಟ ಕಿತ್ತುಹೋಗಿ ದಾರ ಕಟ್ಟಿಕೊಂಡು ನಡೆಯುತ್ತಿದ್ದಳು. ಎಲ್ಲರಿಗೂ ಪ್ಯಾರಡೈಸ್ ನೋಡುವ ಆಸೆ.

ಕಡೆಯಿಂದ ಕಬಡ್ಡಿ ಹುಡುಗ ಮುಂದೆ ಬಂದ. "ಕೂರೋದು ಬೇಡ. ಹೋಗೋಕೆ ನಲ್ವತ್ತು, ಬಂಡೆ ತನಕ ವಾಪಸ್ ಇಪ್ಪತ್ತು. ಹನ್ನೊಂದು ನಲ್ವತ್ತಕ್ಕೇ ದಾಟಿರ್ತೇವೆ. ಮೊದ್ಲಿನ ಲೆಕ್ಕಕ್ಕೂ ಇದಕ್ಕೂ ಫರಕ್ಕೇ ಇಲ್ಲ."

ಒಳ್ಳೆಯ ವಾದ. ಸುಮ್ಮನೆ ಹಟ ಮಾಡಲಿಲ್ಲ ಅವನು. ನಿಯಮದ ಒಳಗಿನ ಲೆಕ್ಕವನ್ನು ಬಿಚ್ಚಿ, ವಿಶ್ರಾಂತಿಯ ಹತ್ತು ನಿಮಿಷ ತೆಗೆದು, ಅದೇ ಇಪ್ಪತ್ತು ನಿಮಿಷ ಉಳಿಸಿ ತೋರಿಸಿದ. ನಾನು ಅವನ ಜಾಗದಲ್ಲಿದ್ದರೂ ಇದನ್ನೇ ಹೇಳುತ್ತಿದ್ದೆನೋ ಏನೋ. ಪಿ.ಇ. ಮಾಸ್ತರರು ನನ್ನ ಕಿವಿಯಲ್ಲಿ, "ಹೋಗ್ಬೋದಲ್ಲ ಮಾರಾಯ್ರೇ" ಅಂದರು.

ನಾಯಕಿ ಅವನಿಗೆ ಉತ್ತರ ಕೊಡಲಿಲ್ಲ. ಲೆಕ್ಕದ ಹುಡುಗನ ಕಡೆ ತಿರುಗಿ, "ನಲ್ವತ್ತು ಅಂತ ನಾವ್ ಬರ್ದಿದ್ದು ನಲ್ವತ್ತೇ ಆಗ್ತದಾ?" ಅಂದಳು.

ಅವನು ಮರಳಿನ ಮೇಲೆ ಕೋಲಿನಿಂದ ಬರೆದ. ಅಂದುಕೊಂಡದ್ದು 150, ಆದದ್ದು 190. 190 ಭಾಗಿಸು 150, ಹತ್ತಿರ ಹತ್ತಿರ 1.27. ಕಬಡ್ಡಿ ಹುಡುಗ ಹೇಳಿದ 60 ನಿಮಿಷಕ್ಕೆ ಇದನ್ನು ಗುಣಿಸಿದರೆ 76. ಬಂಡೆ ದಾಟುವುದು 11:56ಕ್ಕೆ.

"ನಾಲ್ಕು ನಿಮಿಷ," ಅಂದ.

ನಾಯಕಿ ಚಪ್ಪಲಿ ಕಿತ್ತವಳ ಹತ್ತಿರ ಹೋಗಿ ಏನೋ ಕೇಳಿದಳು. ಮೀನುಗಾರರಲ್ಲಿ ಒಬ್ಬರನ್ನು, ಬಂಡೆಯ ಮೇಲೆ 28 ಜನ ಸಾಲಾಗಿ ದಾಟಲು ಎಷ್ಟು ಹೊತ್ತು ಬೇಕು ಅಂತ ಕೇಳಿದಳು. "ಐದಾರು ನಿಮಿಷ ಬೇಕು." ಅಷ್ಟೇ. "ಇಲ್ಲೇ ಊಟ ಮಾಡಿ ತಿರುಗೋಣ," ಅಂದಳು. ಕೆಲವರು ಮುಖ ಗಂಟು ಹಾಕಿಕೊಂಡರು. ಒಬ್ಬ ಕಾಲಿನಿಂದ ಮರಳು ಒದ್ದ.

12:15ಕ್ಕೆ ನಾವಿನ್ನೂ ಬುತ್ತಿ ಕಟ್ಟಿಡುತ್ತಿದ್ದಾಗ ಪ್ಯಾರಡೈಸ್ ಕಡೆಯಿಂದ ಇಬ್ಬರು ಪ್ರವಾಸಿಗರು ಬಂದರು. ಬೂಟು, ಕಾಲ್ಚೀಲ ಎಲ್ಲ ಒಣಗಿಯೇ ಇತ್ತು. ಕಬಡ್ಡಿ ಹುಡುಗ ಅವರ ಕಾಲು ನೋಡಿದ, ನಾಯಕಿಯನ್ನು ನೋಡಿದ, ಆಮೇಲೆ ಅಕ್ಕೋರನ್ನು. "ನೋಡಿ ಅಕ್ಕೋರೇ."

ಸೋಮವಾರದ ತರಗತಿ

ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ತಿರುಳು ದಂಡೆಯಲ್ಲಿ ಸಿಕ್ಕದ್ದಕ್ಕಿಂತ ಜಾಸ್ತಿ ಸಿಕ್ಕಿದ್ದು ಸೋಮವಾರದ ಈ ಒಂದು ತಾಸಿನಲ್ಲಿ. ಹೊರಗಿನ ಚಟುವಟಿಕೆ ಮುಗಿಸಿ, ವರದಿ ಬರೆಸಿ ಕೈತೊಳೆದುಕೊಳ್ಳುವವರು ಇದನ್ನೇ ಕಳೆದುಕೊಳ್ಳುತ್ತಾರೆ.

ಅಕ್ಕೋರು ಹಲಗೆಯ ಮೇಲೆ ಒಂದೇ ಪ್ರಶ್ನೆ ಬರೆದರು: ನಿರ್ಧಾರ ಸರಿಯೋ, ತಪ್ಪೋ?

ತಪ್ಪು ಅಂದವರ ಕೈಯಲ್ಲಿ ಸಾಕ್ಷಿ ಇತ್ತು. ಒಣಗಿದ ಬೂಟು. 12:15ಕ್ಕೂ ದಾಟಬಹುದಿತ್ತು ಅಂದಮೇಲೆ ಇನ್ನೇನು? ಸರಿ ಅಂದವರು ಮೊದಮೊದಲು ಸುರಕ್ಷತೆ, ಅಪಾಯ ಅಂತ ಭಾಷಣದ ಮಾತೇ ಆಡಿದರು. ಅಕ್ಕೋರು ನಿಲ್ಲಿಸಿ, "10:40ಕ್ಕೆ ನಿಮ್ಗೆ ಗೊತ್ತಿದ್ದಿದ್ದು ಏನು? ಅದನ್ನ ಮಾತ್ರ ಬರೀರಿ. ಬೂಟು ನೋಡಿದ್ದು ಆಮೇಲೆ," ಅಂದರು.

ಆಗ ಚರ್ಚೆ ಗಣಿತಕ್ಕೆ ಇಳಿಯಿತು. ಗಂಟೆ ನೋಡುವ ಕೆಲಸದ ಹುಡುಗಿ ತನ್ನ ಚೀಟಿ ತೆಗೆದಳು. ಅವಳು ನಡೆದ ಹೊತ್ತನ್ನೂ ನಿಂತ ಹೊತ್ತನ್ನೂ ಬೇರೆ ಬೇರೆ ಬರೆದಿಟ್ಟಿದ್ದಳು. ಅಂದುಕೊಂಡ 150ರಲ್ಲಿ ನಡಿಗೆ 100, ನಿಲ್ಲುವುದು 50. ಆದದ್ದರಲ್ಲಿ ನಡಿಗೆ 115, ನಿಂತದ್ದು 75. ಅಂದರೆ ಕುಡ್ಲೆಯ ತಿಂಡಿಯೇ ಹೆಚ್ಚು ತಿಂದದ್ದು. ನಡಿಗೆಯ ಅನುಪಾತ 1.15 ಮಾತ್ರ. ಅದನ್ನು 60ಕ್ಕೆ ಗುಣಿಸಿದರೆ 69. ಬಂಡೆ ದಾಟುವುದು 11:49. ನಾಲ್ಕಲ್ಲ, ಹನ್ನೊಂದು ನಿಮಿಷ ಉಳಿಯುತ್ತಿತ್ತು!

ಕಬಡ್ಡಿ ಹುಡುಗ ಬೆಂಚು ಗುದ್ದಿದ.

ಲೆಕ್ಕದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಂತ ಹೊತ್ತಿನ ಅನುಪಾತವನ್ನೂ ತೆಗೆದ. 75 ಭಾಗಿಸು 50, ಒಂದೂವರೆ. "ಪ್ಯಾರಡೈಸಿಗೆ ಹೋಗಿ ಹತ್ತು ನಿಮಿಷನೂ ಕೂರ್ದೆ ಬರ್ತಿದ್ರಾ ನೀವು? ನಮ್ಮ ಹತ್ತು ನಿಮಿಷ ಅಂದ್ರೆ ಹದಿನೈದು." 11:49ಕ್ಕೆ ಹದಿನೈದು ಸೇರಿಸಿದರೆ 12:04. ತರಗತಿ ನಕ್ಕಿತು, ಯಾಕೆಂದರೆ ಕೂರದೆ ಬರುತ್ತಿರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ನಾಯಕಿಯ ದಳದ ಇನ್ನೊಬ್ಬಳು, 28 ಜನ ದಾಟಲು ಬೇಕಾದ ಐದಾರು ನಿಮಿಷ ಇದರಲ್ಲಿ ಬಂದೇ ಇಲ್ಲ ಅಂತ ನೆನಪಿಸಿದಳು.

ಹಾಗಾದರೆ ಬೂಟು ಯಾಕೆ ಒಣಗಿತ್ತು? ದೋಣಿ ಮನೆಯ ಹುಡುಗ ಹೇಳಿದ: ಅರ್ಧ ಭರತ ಅನ್ನುವ ಮಾತಿನಲ್ಲೇ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಅಲೆ ಎದ್ದ ದಿನಕ್ಕೂ ಅದೇ ಮಾತು ಸಾಕಾಗಬೇಕಲ್ಲ. ಶನಿವಾರ ಸಮುದ್ರ ತಣ್ಣಗಿತ್ತು, ಅಷ್ಟೇ.

ಕಬಡ್ಡಿ ಹುಡುಗ ಒಪ್ಪಲಿಲ್ಲ. ಅನುಪಾತ 1.15 ಅನ್ನೋದು ತನಗೆ ಅಲ್ಲೇ ಗೊತ್ತಾಗಿದ್ದರೆ ವಾದ ಗೆಲ್ಲುತ್ತಿದ್ದೆ ಅಂತ ಈಗಲೂ ಅಂತಾನೆ. ಅವನು ಹೇಳುವುದರಲ್ಲಿ ಸತ್ಯವೂ ಇದೆ. ಗಂಟೆ ನೋಡುವವಳ ಚೀಟಿಯನ್ನು ದಂಡೆಯ ಮೇಲೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಾಯಕಿ ಲೆಕ್ಕದವನನ್ನು ಕೇಳಿದಳು, ಮೀನುಗಾರರನ್ನು ಕೇಳಿದಳು, ಚಪ್ಪಲಿ ಕಿತ್ತವಳನ್ನು ಕೇಳಿದಳು. ಗಡಿಯಾರದವಳನ್ನು ಬರೀ ಗಂಟೆ ಕೇಳಿದಳು.

ಏನು ಬದಲಾಯಿತು, ಏನು ಇಲ್ಲ

ಅಂಕ ಜಾಸ್ತಿ ಬಂತಾ ಅಂತ ಕೇಳಿದವರಿಗೆ ಅಕ್ಕೋರು ಕೊಡುವ ಉತ್ತರ, ವಾರ್ಷಿಕ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬರೋದಿಲ್ಲ. ನನಗೆ ಕಂಡದ್ದು ಬೇರೆ. ಉತ್ತರ ಬಂದ ಮೇಲೆ "ಇದು ಎಷ್ಟು ಹೆಚ್ಚು ಕಮ್ಮಿ ಆಗ್ಬೋದು?" ಅಂತ ಕೇಳುವ ಮಕ್ಕಳು ಆ ತರಗತಿಯಲ್ಲಿ ಕೆಲವರಾದರೂ ಹುಟ್ಟಿದರು. ಹೊಳೆಯ ಅಗಲ 4,000 ಮೀಟರ್ ಅಂತ ಬರೆದು ಅಡಿಗೆರೆ ಎಳೆಯುವುದು ನಿಂತಿತು.

ನಾಯಕತ್ವದ ವಿಷಯ ಅಷ್ಟು ಸಲೀಸಾಗಿಲ್ಲ. ಹತ್ತನೆಯ ತರಗತಿಗೆ ಹೋದಾಗ ನಡೆದ ಚುನಾವಣೆಯಲ್ಲಿ ಗೆದ್ದದ್ದು ಮತ್ತೆ ಕಬಡ್ಡಿ ಹುಡುಗನೇ. ಬಳಚು ಮನೆಯ ಹುಡುಗಿ ನಿಲ್ಲಲೂ ಇಲ್ಲ. ಒಂದು ದಿನದ ಚೀಟಿಯಿಂದ ನಾಯಕಿ ತಯಾರಾಗುತ್ತಾಳೆ ಅನ್ನೋದು ಶಿಬಿರದ ಜಾಹೀರಾತಿಗೆ ಚೆಂದ. ಆದರೆ ಶಾಲಾ ವಾರ್ಷಿಕೋತ್ಸವದ ಪೆಂಡಾಲಿಗೆ ಹಗ್ಗ ಕಟ್ಟುವಾಗ ಆ ನಾಯಕ ಮೊದಲು ಅವಳನ್ನೂ ಲೆಕ್ಕದ ಹುಡುಗನನ್ನೂ ಕರೆದನಂತೆ. ಹಗ್ಗವನ್ನು ಬಿಗಿಯಾಗಿ ಎಳೆಯಲೂ ಇಲ್ಲವಂತೆ.

ಈ ಥರ ಮಾಡಲು ಹೊರಡುವವರಿಗೆ ಅಕ್ಕೋರು ಹೇಳುವ ಮಾತು ಕೆಲವಿವೆ. ಏಳು ಜನರ ದಳದಲ್ಲಿ ಇಬ್ಬರಿಗೆ ಕೆಲಸವೇ ಇರುವುದಿಲ್ಲ, ಐದು ಜನ ಸಾಕು. ಹಾಫ್ ಮೂನ್ ಕಡೆ ಹೆಣ್ಣುಮಕ್ಕಳಿಗೆ ಶೌಚಾಲಯದ ಅನುಕೂಲ ಇಲ್ಲ, ಅದನ್ನು ಓಂ ಬೀಚಿನಲ್ಲೇ ನೋಡಿಕೊಂಡು ಹೊತ್ತಿನ ಲೆಕ್ಕಕ್ಕೆ ಸೇರಿಸಬೇಕು. ಅಲ್ಲಿಯ ದಂಡೆ ಗೊತ್ತಿರುವವರು ಜೊತೆಗಿಲ್ಲದಿದ್ದರೆ ಹೋಗಲೇಬಾರದು, ಮಳೆಗಾಲದಲ್ಲಂತೂ ಮಾತೇ ಬೇಡ. ಸಮುದ್ರ ದೂರ ಇರುವ ಶಾಲೆಯವರು ಕೊಡಪಾನ ಮತ್ತು ಹಳ್ಳದಲ್ಲೇ ನಿಲ್ಲಿಸಬಹುದು, ಅದರಲ್ಲೇ ಬೇಕಾದಷ್ಟಿದೆ. ಮುಂದಿನ ಸಲದ ಹೊತ್ತಿನ ಪಟ್ಟಿಯಲ್ಲಿ ನಡೆದದ್ದಕ್ಕೊಂದು, ನಿಂತದ್ದಕ್ಕೊಂದು ಕಾಲಂ ಇರುತ್ತದೆ. ಪ್ರತಿ ನಿಲುಗಡೆಯಲ್ಲೂ ಅದನ್ನು ಗುಂಪಿಗೆ ಗಟ್ಟಿಯಾಗಿ ಓದಿ ಹೇಳುವುದು ಗಂಟೆ ನೋಡುವವರ ಕೆಲಸ.